ಏನೂ ನಡೆಯದ ಸಿನಿಮಾ

ನಿಧಾನಗತಿಯ ಸಿನಿಮಾಗಳ ಬಗ್ಗೆ ನಮ್ಮಲ್ಲೊಂದು ಹಳೆಯ ತಮಾಷೆಯಿದೆ. ಪರದೆಯ ಮೇಲೆ ಒಬ್ಬ ಮನುಷ್ಯ ದೂರದ ಗುಡ್ಡದ ಕಡೆಯಿಂದ ನಡೆದು ಬರತೊಡಗುತ್ತಾನೆ. ನೀವು ಎದ್ದು ಹೊರಗೆ ಹೋಗಿ, ಕಾಫಿ ಕುಡಿದು, ಸಿಕ್ಕವರ ಹತ್ತಿರ ಎರಡು ಮಾತಾಡಿ ವಾಪಸ್ ಬಂದರೂ ಅವನಿನ್ನೂ ನಡೆಯುತ್ತಲೇ ಇರುತ್ತಾನೆ. ‘ಅವಾರ್ಡ್ ಸಿನಿಮಾ’ ಎಂದು ಅದಕ್ಕೊಂದು ಹೆಸರಿಟ್ಟು ನಾವು ಕೈತೊಳೆದುಕೊಂಡಿದ್ದೇವೆ. ತಮಾಷೆ ಪೂರ್ತಿ ಸುಳ್ಳೇನಲ್ಲ. ನಡೆಯುವ ಮನುಷ್ಯನನ್ನು ತೋರಿಸಿದ ಮಾತ್ರಕ್ಕೆ ಸಿನಿಮಾ ಗಂಭೀರವಾಯಿತು ಎಂದುಕೊಂಡ ನಿರ್ದೇಶಕರು ಇಲ್ಲೂ ಇದ್ದಾರೆ, ಬೇರೆ ಕಡೆಯೂ ಇದ್ದಾರೆ. ಅವರ ಪರವಾಗಿ ವಕಾಲತ್ತು ವಹಿಸಲು ನಾನು ಬಂದಿಲ್ಲ.

ಆದರೆ ‘ಏನೂ ನಡೆಯುವುದೇ ಇಲ್ಲ’ ಎಂಬ ದೂರನ್ನು ಮಾತ್ರ ಕೊಂಚ ವಿಚಾರಿಸಿ ನೋಡಬೇಕು. ಈ ದೂರನ್ನು ಬೇಕಾದಷ್ಟು ಕೇಳಿಸಿಕೊಂಡ ಒಬ್ಬ ನಿರ್ದೇಶಕನ ಸಿನಿಮಾಗಳಲ್ಲಿ ಮದುವೆಯಾಗುತ್ತದೆ, ಸಾವಾಗುತ್ತದೆ, ಮನೆ ಒಡೆಯುತ್ತದೆ, ಅಪ್ಪ ಮಗಳಿಗೆ ಸುಳ್ಳು ಹೇಳುತ್ತಾನೆ. ಎಲ್ಲವೂ ಆಗುತ್ತದೆ. ಆಗುವ ಹೊತ್ತಿಗೆ ಸರಿಯಾಗಿ ಆತ ನಮ್ಮನ್ನು ಬೇರೆ ಕಡೆ ನೋಡುವ ಹಾಗೆ ಮಾಡಿರುತ್ತಾನೆ, ಅಷ್ಟೆ. ಆತ ಜಪಾನಿನ ಯಾಸುಜಿರೋ ಓಜು. 1903ರ ಡಿಸೆಂಬರ್ 12ರಂದು ಟೋಕಿಯೋದಲ್ಲಿ ಹುಟ್ಟಿ, 1963ರ ಅದೇ ಡಿಸೆಂಬರ್ 12ರಂದು, ಸರಿಯಾಗಿ ಅರವತ್ತು ತುಂಬಿದ ದಿನ ತೀರಿಕೊಂಡವನು. ಇಪ್ಪತ್ತರ ಹರೆಯದಲ್ಲಿ ಶೋಚಿಕು ಸ್ಟುಡಿಯೋ ಸೇರಿ, ಕೊನೆಯವರೆಗೂ ಹೆಚ್ಚುಕಡಿಮೆ ಅಲ್ಲೇ ಇದ್ದು, ಐವತ್ತಕ್ಕೂ ಮೀರಿ ಚಿತ್ರಗಳನ್ನು ಮಾಡಿದ. ಸ್ವತಃ ಮದುವೆಯಾಗಲಿಲ್ಲ, ತಾಯಿಯ ಜೊತೆಗೇ ಬಾಳಿದ. ಆದರೂ ಅವನ ಕೊನೆಕೊನೆಯ ಚಿತ್ರಗಳನ್ನು ತೆಗೆದು ನೋಡಿದರೆ, ಬಹುಪಾಲು ಕಥೆ ಒಂದೇ: ಮನೆಯಲ್ಲಿ ವಯಸ್ಸಿಗೆ ಬಂದ ಮಗಳಿದ್ದಾಳೆ, ಅವಳಿಗೊಂದು ಗಂಡು ನೋಡಬೇಕು.

1949ರ ‘ಲೇಟ್ ಸ್ಪ್ರಿಂಗ್’ ಅನ್ನೇ ತೆಗೆದುಕೊಳ್ಳಿ. ಹೆಂಡತಿಯನ್ನು ಕಳೆದುಕೊಂಡ ಪ್ರೊಫೆಸರ್, ಇಪ್ಪತ್ತೇಳು ವರ್ಷದ ಮಗಳು ನೊರಿಕೊ. ಅಪ್ಪನನ್ನು ಒಬ್ಬಂಟಿ ಮಾಡಿ ಹೋಗಲು ಅವಳಿಗೆ ಮನಸ್ಸಿಲ್ಲ. ಸೋದರತ್ತೆ ಒಂದು ಗಂಡು ತರುತ್ತಾಳೆ. ಹುಡುಗ ಹಾಲಿವುಡ್ಡಿನ ಗ್ಯಾರಿ ಕೂಪರ್ ಹಾಗೆ ಕಾಣುತ್ತಾನೆ ಎಂದು ವರ್ಣನೆ ಬೇರೆ. ಮಗಳು ಒಪ್ಪಬೇಕಾದರೆ ಅಪ್ಪ ತಾನೂ ಮರುಮದುವೆಯಾಗುತ್ತೇನೆ ಎಂದು ನಂಬಿಸಬೇಕು. ಅವಳು ನೇರವಾಗಿ ಕೇಳುತ್ತಾಳೆ, ಅವನು ಹ್ಞೂಂಗುಟ್ಟುತ್ತಾನೆ. ಒಂದು ‘ಹ್ಞೂಂ’ನಲ್ಲಿ ಅವಳ ಮುಖ ಏನಾಗುತ್ತದೆ ಎನ್ನುವುದನ್ನು ಸೆತ್ಸುಕೊ ಹಾರಾ ಎಂಬ ಆ ದೊಡ್ಡ ನಟಿಯನ್ನು ನೋಡಿಯೇ ತಿಳಿಯಬೇಕು.

ಇಷ್ಟೆಲ್ಲ ಆದ ಮೇಲೆ ಮದುವೆ ತೋರಿಸಬೇಕಲ್ಲವೇ? ಇಲ್ಲ. ಮದುಮಗಳ ಉಡುಪಿನಲ್ಲಿ ನೊರಿಕೊ ಅಪ್ಪನಿಗೆ ನಮಸ್ಕಾರ ಮಾಡಿ ಹೊರಡುತ್ತಾಳೆ. ಅವಳು ಹೋದ ಕೋಣೆಯಲ್ಲಿ ಕನ್ನಡಿ ಉಳಿಯುತ್ತದೆ. ಮುಂದಿನ ದೃಶ್ಯದಲ್ಲಿ ಮದುವೆ ಮುಗಿದೇ ಹೋಗಿದೆ. ಅಪ್ಪ ಮಗಳ ಗೆಳತಿಯ ಜೊತೆ ಕೂತು ಸಾಕೆ ಕುಡಿಯುತ್ತಿದ್ದಾನೆ. ಆ ಗ್ಯಾರಿ ಕೂಪರ್ ಹುಡುಗನನ್ನು ನಾವು ಕೊನೆವರೆಗೂ ನೋಡುವುದೇ ಇಲ್ಲ! ನಮ್ಮಲ್ಲಾಗಿದ್ದರೆ ವಾಲಗ, ಧಾರೆ, ಕಳಿಸಿಕೊಡುವ ಶಾಸ್ತ್ರ, ಅದಕ್ಕೊಂದು ಹಾಡು, ಕಡೇಪಕ್ಷ ಹತ್ತು ನಿಮಿಷದ ಬಾಬತ್ತು.

ಬದಲಿಗೆ ಓಜು ಕೊಡುವುದು ಒಂದು ಸೇಬುಹಣ್ಣು. ರಾತ್ರಿ ಮನೆಗೆ ಬಂದ ಅಪ್ಪ ಖಾಲಿ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಸೇಬಿನ ಸಿಪ್ಪೆ ಸುಲಿಯುತ್ತಾನೆ. ಸಿಪ್ಪೆ ತುಂಡಾಗದೆ ಒಂದೇ ಎಳೆಯಾಗಿ ಇಳಿಯುತ್ತ ಹೋಗುತ್ತದೆ. ಅದು ಕೆಳಗೆ ಬೀಳುತ್ತದೆ. ಅವನ ಕೈ ನಿಲ್ಲುತ್ತದೆ, ತಲೆ ಮುಂದಕ್ಕೆ ಬಾಗುತ್ತದೆ. ಅಷ್ಟೆ, ಮುಂದೆ ಸಮುದ್ರದ ಅಲೆ. ಈ ಜಾಗದಲ್ಲಿ ಗೋಳೋ ಎಂದು ಅಳಬೇಕೆಂದು ಓಜು ಹೇಳಿದಾಗ ಅಪ್ಪನ ಪಾತ್ರದ ನಟ ಚಿಶು ರ್‍ಯೂ, ‘ಅದು ನನ್ನಿಂದಾಗುವುದಿಲ್ಲ’ ಎಂದರಂತೆ. ಓಜು ಒತ್ತಾಯ ಮಾಡಲಿಲ್ಲ. ಅತ್ತಿದ್ದರೆ ನಾವು ಅಯ್ಯೋ ಪಾಪ ಎಂದು ಕಣ್ಣೊರೆಸಿಕೊಂಡು ಎದ್ದು ಬರುತ್ತಿದ್ದೆವು. ಅಳದೆ ಇದ್ದದ್ದರಿಂದ, ಅವನು ನಾಳೆ ಬೆಳಿಗ್ಗೆ ಎದ್ದು ಕಾಫಿಯೋ ಚಹಾವೋ ಯಾರ ಕೈಲಿ ಮಾಡಿಸಿಕೊಂಡು ಕುಡಿಯುತ್ತಾನೆ ಎಂಬ ಯೋಚನೆ ನಮಗೆ ಹತ್ತಿಕೊಳ್ಳುತ್ತದೆ.

ನಿಧಾನ ಎನ್ನುವುದು ಇಲ್ಲಿಂದ ಹುಟ್ಟುತ್ತದೆ ಎಂದು ನನ್ನ ಎಣಿಕೆ. ನಾವು ದೊಡ್ಡ ಘಟನೆಗಾಗಿ ಕಾಯುತ್ತಿರುತ್ತೇವೆ, ನಿರ್ದೇಶಕ ಅದನ್ನು ತೆಗೆದುಬಿಟ್ಟಿರುತ್ತಾನೆ. ಬಾರದ ಬಸ್ಸಿಗೆ ಕಾಯುವವನಿಗೆ ಹೊತ್ತು ಹೋಗದಿರುವ ಹಾಗೆ ನಮಗಾಗುತ್ತದೆ. ಓಜುವಿನ ಚಿತ್ರಗಳನ್ನು ಗಡಿಯಾರ ಹಿಡಿದು ಅಳೆದವರಿದ್ದಾರೆ. ‘ಟೋಕಿಯೋ ಸ್ಟೋರಿ’ಯಲ್ಲಿ ಒಂದೊಂದು ಶಾಟ್‌ನ ಸರಾಸರಿ ಉದ್ದ ಹತ್ತು ಸೆಕೆಂಡಿನ ಆಸುಪಾಸು. ಇದೇನೂ ಕಾಫಿ ಕುಡಿದು ಬರುವಷ್ಟು ಹೊತ್ತಲ್ಲ. ಒಬ್ಬರು ಮಾತಾಡುತ್ತಾರೆ, ಕಟ್; ಇನ್ನೊಬ್ಬರು ಉತ್ತರಿಸುತ್ತಾರೆ, ಕಟ್. ಎಣಿಸಿ ನೋಡಿದರೆ ಚುರುಕಾಗಿಯೇ ಇದೆ.

ಆ ‘ಟೋಕಿಯೋ ಸ್ಟೋರಿ’ 1953ರದು. 2012ರಲ್ಲಿ ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಜಗತ್ತಿನ ನಿರ್ದೇಶಕರನ್ನು ಕೇಳಿ ಮಾಡಿದ ಪಟ್ಟಿಯಲ್ಲಿ ಸಾರ್ವಕಾಲಿಕ ಶ್ರೇಷ್ಠ ಚಿತ್ರ ಎಂದು ಮೊದಲ ಸ್ಥಾನ ಪಡೆದದ್ದು ಇದೇ. ಕಥೆಯನ್ನು ಹುಬ್ಬಳ್ಳಿಯಲ್ಲೋ ಹಾಸನದಲ್ಲೋ ಕೂತು, ಮಕ್ಕಳನ್ನು ಬೆಂಗಳೂರಿಗೋ ಅಮೆರಿಕಕ್ಕೋ ಕಳಿಸಿರುವ ನಮ್ಮ ಕೇಳುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒನೊಮಿಚಿ ಎಂಬ ಕಡಲತೀರದ ಊರಿನ ವೃದ್ಧ ದಂಪತಿ ಟೋಕಿಯೋದಲ್ಲಿರುವ ಮಕ್ಕಳ ಮನೆಗೆ ಹೊರಡುತ್ತಾರೆ. ಮಗ ಡಾಕ್ಟರು, ಮಗಳು ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಯಾರಿಗೂ ಬಿಡುವಿಲ್ಲ. ಹೊರಗೆ ಸುತ್ತಾಡಿಸೋಣ ಎಂದು ಹೊರಟ ದಿನವೇ ಡಾಕ್ಟರಿಗೆ ರೋಗಿಯ ಮನೆಯಿಂದ ಕರೆ ಬರುತ್ತದೆ. ಯುದ್ಧದಲ್ಲಿ ತೀರಿಹೋದ ಇನ್ನೊಬ್ಬ ಮಗನ ಹೆಂಡತಿ, ವಿಧವೆ ಸೊಸೆ ನೊರಿಕೊ ಮಾತ್ರ ಆಫೀಸಿಗೆ ರಜೆ ಹಾಕಿ ಅತ್ತೆ ಮಾವನಿಗೆ ಊರು ತೋರಿಸುತ್ತಾಳೆ. ಹಿರಿಯರು ಊರಿಗೆ ಮರಳುತ್ತಾರೆ. ಅಜ್ಜಿ ತೀರಿಕೊಳ್ಳುತ್ತಾಳೆ. ಮಕ್ಕಳು ಬರುತ್ತಾರೆ, ಹೋಗುತ್ತಾರೆ.

ಸಿನಿಮಾ ಶುರುವಾಗುವುದು ಗಾಳಿದಿಂಬಿನ ಹುಡುಕಾಟದಿಂದ. ಪ್ರಯಾಣಕ್ಕೆ ಸಾಮಾನು ಕಟ್ಟುತ್ತಿದ್ದಾರೆ. ದಿಂಬು ನಿನ್ನ ಹತ್ತಿರ ಇದೆ ಎಂದು ಅಜ್ಜ, ಇಲ್ಲ ನಿಮಗೇ ಕೊಟ್ಟಿದ್ದೆ ಎಂದು ಅಜ್ಜಿ. ನೋಡಿದರೆ ಅಜ್ಜನ ಸಾಮಾನಿನಲ್ಲೇ ಇದೆ. ಅವನು ತಪ್ಪಾಯಿತು ಎನ್ನುವುದಿಲ್ಲ, ಅವಳು ಹೇಳಿರಲಿಲ್ಲವೇ ಎಂದು ಚುಚ್ಚುವುದೂ ಇಲ್ಲ. ಕಿಟಕಿಯಾಚೆ ಪಕ್ಕದ ಮನೆಯಾಕೆ ಹಾದುಹೋಗುತ್ತ, ಮಕ್ಕಳ ಮನೆಗೆ ಹೊರಟಿರಾ, ಪುಣ್ಯವಂತರು ಎಂಬರ್ಥದ ಮಾತಾಡಿ ಹೋಗುತ್ತಾಳೆ. ನಲವತ್ತು ವರ್ಷದ ದಾಂಪತ್ಯ ಹೇಗಿರುತ್ತದೆ ಎಂದು ತೋರಿಸಲು ಇದಕ್ಕಿಂತ ಹೆಚ್ಚಿಗೆ ಏನು ಬೇಕು ಹೇಳಿ. ಇಲ್ಲಿ ಅಜ್ಜನಾಗಿರುವವರೂ ಅದೇ ಚಿಶು ರ್‍ಯೂ. ಆಗವರಿಗೆ ಐವತ್ತೂ ತುಂಬಿರಲಿಲ್ಲ. ಮಗಳ ಪಾತ್ರದ ಹರುಕೊ ಸುಗಿಮುರಾಗೂ ಅವರಿಗೂ ಕೆಲವೇ ವರ್ಷದ ಅಂತರ. ಕೂತು ಏಳುವ ರೀತಿ, ಮಾತಿನ ನಡುವೆ ‘ಹ್ಞೂಂ’ ಎಂದು ಎಳೆಯುವ ರೀತಿ, ಇಷ್ಟರಲ್ಲೇ ಎಪ್ಪತ್ತು ವರ್ಷ ತಂದುಕೊಂಡಿದ್ದಾರೆ.

ಮಕ್ಕಳು ಚಂದಾ ಹಾಕಿ ಅಪ್ಪ ಅಮ್ಮನನ್ನು ಅತಾಮಿ ಎಂಬ ಬಿಸಿನೀರಿನ ಬುಗ್ಗೆಗಳ ಊರಿಗೆ ಕಳಿಸುತ್ತಾರೆ. ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವುದಕ್ಕಿಂತ ಅದೇ ಅಗ್ಗ ಎಂದು ಲೆಕ್ಕ. ಅಗ್ಗದ ವಸತಿಗೃಹದಲ್ಲಿ ರಾತ್ರಿಯಿಡೀ ಇಸ್ಪೀಟಿನಂಥ ಆಟ, ಕುಡಿತ, ಹಾಡು. ಮುದುಕರಿಗೆ ನಿದ್ದೆಯಿಲ್ಲ. ಬೆಳಿಗ್ಗೆ ಸಮುದ್ರದ ಕಟ್ಟೆಯ ಮೇಲೆ ಇಬ್ಬರೂ ಕೂತಿದ್ದಾರೆ. ಊರಿಗೆ ಹೋಗೋಣವೇ ಎಂದು ಮಾತಾಗುತ್ತದೆ. ಏಳುವಾಗ ಅಜ್ಜಿಗೆ ಒಂದು ಕ್ಷಣ ತಲೆಸುತ್ತು ಬಂದು ಕೆಳಗೆ ಕುಸಿಯುತ್ತಾಳೆ. ರಾತ್ರಿ ನಿದ್ದೆಯಾಗಲಿಲ್ಲವಲ್ಲ, ಅದಕ್ಕೇ ಎಂದು ತಾನೇ ಸಮಾಧಾನ ಹೇಳಿ ಎದ್ದು ಗಂಡನ ಹಿಂದೆ ನಡೆಯುತ್ತಾಳೆ. ದೂರದಿಂದ ತೆಗೆದ ದೃಶ್ಯ. ಸಂಗೀತ ಬಡಿದು ಎಚ್ಚರಿಸುವುದಿಲ್ಲ, ಕ್ಯಾಮೆರಾ ಹತ್ತಿರ ಹೋಗುವುದಿಲ್ಲ. ಮೊದಲ ಸಲ ನೋಡುವವರು ಇದನ್ನು ಗಮನಿಸದೇ ಹೋಗಬಹುದು. ಮಕ್ಕಳು ಗಮನಿಸದೇ ಹೋದ ಹಾಗೆಯೇ.

ಇನ್ನು ಸಾವು. ಡಾಕ್ಟರು ಮಗ ಅಪ್ಪನನ್ನೂ ತಂಗಿಯನ್ನೂ ಪಕ್ಕಕ್ಕೆ ಕರೆದು, ಅಮ್ಮ ಬೆಳಗಿನವರೆಗೆ ಉಳಿಯುವುದು ಕಷ್ಟ ಎನ್ನುತ್ತಾನೆ. ಆಮೇಲೆ ಬರುವುದು ನಸುಕಿನ ಬಂದರು, ಖಾಲಿ ದಕ್ಕೆ. ತಿರುಗಿ ಕೋಣೆಗೆ ಬಂದಾಗ ಅಜ್ಜಿಯ ಮುಖದ ಮೇಲೆ ಬಿಳಿಬಟ್ಟೆ ಹೊದಿಸಿದೆ. ಅಜ್ಜ ಕಾಣುತ್ತಿಲ್ಲ. ಸೊಸೆ ಹುಡುಕಿಕೊಂಡು ಹೋದರೆ, ಹೊರಗೆ ಸಮುದ್ರ ನೋಡುತ್ತ ನಿಂತಿದ್ದಾನೆ. ಬೆಳಗು ಬಹಳ ಚೆನ್ನಾಗಿತ್ತು, ಇವತ್ತೂ ಸೆಕೆ ಜೋರು ಎಂದು ಹವಾಮಾನದ ಮಾತಾಡುತ್ತಾನೆ. ಉತ್ತರಕ್ರಿಯೆ ಮುಗಿಸಿ ಊಟಕ್ಕೆ ಕೂತಾಗ ಮಗಳು ಶಿಗೆ, ಅಮ್ಮನ ಇಂಥ ಸೀರೆ ನನಗಿರಲಿ ಎನ್ನುವಂತೆ, ಅಮ್ಮನ ಕಿಮೋನೊ ಒಂದನ್ನು ನೆನಪಿಗೆ ಕೇಳಿ ಇಟ್ಟುಕೊಳ್ಳುತ್ತಾಳೆ. ಶಿಗೆಯನ್ನು ಕೆಟ್ಟವಳು ಎಂದು ಬರೆದ ವಿಮರ್ಶಕರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಅಮ್ಮ ಉಳಿಯುವುದಿಲ್ಲ ಎಂದಾಗ ಮೊದಲು ಬಿಕ್ಕಿದವಳು ಅವಳೇ, ಆ ಅಳು ನಾಟಕವಲ್ಲ. ಅತ್ತಳು, ಆಮೇಲೆ ಕಿಮೋನೊ ಕೇಳಿದಳು. ನಮ್ಮ ಮನೆಗಳಲ್ಲಿ ಹನ್ನೊಂದನೆಯ ದಿನ ಒಡವೆ ಪೆಟ್ಟಿಗೆ ತೆಗೆದಾಗ ನಡೆಯುವುದೂ ಇಷ್ಟೆ. ಓಜು ಅವಳನ್ನು ಬೈಯದೆ ಬಿಟ್ಟಿರುವುದು ನನಗೆ ಈ ಚಿತ್ರದ ಎಲ್ಲಕ್ಕಿಂತ ದೊಡ್ಡ ಗುಣವಾಗಿ ಕಾಣುತ್ತದೆ.

ಬಾನುಲಿಯಲ್ಲಿ ಕೂತು ಮೌನದ ವಿಚಾರ ಮಾತಾಡುವುದೂ ಒಂದು ಫಜೀತಿಯೇ ಅನ್ನಿ. ಓಜು ಆ ಬಂದರನ್ನು ತೋರಿಸಿದಷ್ಟು ಹೊತ್ತು ನಾನು ಇಲ್ಲಿ ಬಾಯಿ ಮುಚ್ಚಿದರೆ, ನೀವು ರೇಡಿಯೋ ಕೆಟ್ಟಿತೆಂದು ತಟ್ಟಿ ನೋಡುತ್ತೀರಿ; ಡ್ಯೂಟಿ ಆಫೀಸರ್ ಬಾಗಿಲು ತಳ್ಳಿಕೊಂಡು ಬರುತ್ತಾರೆ.

ಅವನ ಕೆಲಸದ ಕ್ರಮವನ್ನೂ ಒಂದಿಷ್ಟು ಹೇಳಬೇಕು. ಕ್ಯಾಮೆರಾವನ್ನು ನೆಲಕ್ಕೆ ಹತ್ತಿರ, ಚಾಪೆಯ ಮೇಲೆ ಕೂತವರ ಕಣ್ಣಿಗಿಂತಲೂ ಕೆಳಮಟ್ಟದಲ್ಲಿ ಇಡುತ್ತಿದ್ದ. ಐವತ್ತು ಮಿಲಿಮೀಟರಿನ ಒಂದೇ ಲೆನ್ಸು. ಕ್ಯಾಮೆರಾ ಬರಬರುತ್ತ ಅಲುಗಾಡುವುದನ್ನೇ ಬಿಟ್ಟಿತು. ಬಣ್ಣದ ಚಿತ್ರಗಳಲ್ಲಂತೂ ಪೂರ್ತಿ ನಿಂತೇ ಹೋಯಿತು. ಛಾಯಾಗ್ರಾಹಕ ಯೂಹಾರು ಅತ್ಸುತಾ ವರ್ಷಗಟ್ಟಲೆ ನೆಲಕ್ಕೆ ಹೊಟ್ಟೆ ತಾಗಿಸಿಕೊಂಡೇ ದುಡಿದರು. ಓಜು ಲೆನ್ಸಿನಲ್ಲಿ ಕಣ್ಣಿಟ್ಟು, ಚಹಾದ ಬಟ್ಟಲನ್ನು ಅತ್ತ ಒಂಚೂರು, ಇತ್ತ ಒಂಚೂರು ಎಂದು ಸರಿಸುತ್ತಿದ್ದ. 1958ರಲ್ಲಿ ಮೊದಲ ಬಣ್ಣದ ಚಿತ್ರ ‘ಇಕ್ವಿನಾಕ್ಸ್ ಫ್ಲವರ್’ ಮಾಡಿದಾಗ ಒಂದು ಕೆಂಪು ಕೆಟಲ್ ಹಿಡಿದುಕೊಂಡ. ಅದು ಎಲ್ಲಿ ಬೇಕಾದರೂ ಬಂದು ಕೂರುತ್ತದೆ. ಶಾಟ್‌ನಿಂದ ಶಾಟ್‌ಗೆ ಜಾಗ ಬದಲಾದರೂ ಅವನಿಗೆ ಚಿಂತೆಯಿಲ್ಲ, ಚೌಕಟ್ಟಿನಲ್ಲಿ ಅಲ್ಲಿ ಕೆಂಪು ಬೇಕಿತ್ತು. ಚಿತ್ರಕಥೆ ಬರೆಯಲು ಗೆಳೆಯ ಕೋಗೊ ನೋಡಾ ಜೊತೆ ಊರಾಚೆ ಹೋಗಿ ತಿಂಗಳುಗಟ್ಟಲೆ ಉಳಿಯುವುದು ರೂಢಿ. ಎಷ್ಟು ಬಾಟಲಿ ಸಾಕೆ ಖಾಲಿಯಾಯಿತು ಎನ್ನುವುದರ ಮೇಲೆ ಕೆಲಸ ಎಷ್ಟಾಯಿತೆಂದು ಲೆಕ್ಕ.

ಭಾರತಕ್ಕೂ ಅವನಿಗೂ ಒಂದು ವಿಚಿತ್ರ ನಂಟು ಕೂಡಿಬರುವುದರಲ್ಲಿತ್ತು. 1943ರಲ್ಲಿ ಜಪಾನಿ ಸೇನೆ ಅವನನ್ನು ಸಿಂಗಪುರಕ್ಕೆ ಕಳಿಸಿದ್ದು ಸುಭಾಷ್‌ಚಂದ್ರ ಬೋಸರ ಹೋರಾಟದ ಬಗ್ಗೆ ಚಿತ್ರ ಮಾಡಲೆಂದು. ‘ದಿಲ್ಲಿಗೆ, ದಿಲ್ಲಿಗೆ’ ಎಂಬರ್ಥದ ಹೆಸರೂ ಆಗಿತ್ತು. ಓಜು ಅಲ್ಲಿ ಹೆಚ್ಚಿನ ಹೊತ್ತು ಕಳೆದದ್ದು ಸೇನೆಯ ಕೈಗೆ ಸಿಕ್ಕ ಅಮೆರಿಕನ್ ಸಿನಿಮಾಗಳನ್ನು ನೋಡುವುದರಲ್ಲಿ. ಯುದ್ಧ ಸೋತಾಗ ಸ್ಕ್ರಿಪ್ಟನ್ನೂ ತೆಗೆದಿದ್ದ ರೀಲನ್ನೂ ನಾಶಮಾಡಿದ. ಕವಾಯತು, ಘೋಷಣೆ, ಬಾವುಟ ಇರುವ ಚಿತ್ರವನ್ನು ಗಾಳಿದಿಂಬಿನ ಓಜು ಹೇಗೆ ಮಾಡುತ್ತಿದ್ದನೋ ಎಂದು ನನಗೆ ಆಗಾಗ ಕುತೂಹಲವಾಗುತ್ತದೆ. ಬಹುಶಃ ಸಿಪಾಯಿಗಳು ಬಟ್ಟೆ ಒಗೆದು ಹರವುವುದನ್ನು ತೋರಿಸುತ್ತಿದ್ದ.

ನಿಜಕ್ಕೂ ಗಡಿಯಾರದ ಲೆಕ್ಕದಲ್ಲಿ ನಿಧಾನವಾದ ಚಿತ್ರ ಬೇಕೆಂದರೆ ಬೆಲ್ಜಿಯಂನ ಶಾಂತಾಲ್ ಅಕೆರ್ಮನ್ 1975ರಲ್ಲಿ, ತನ್ನ ಇಪ್ಪತ್ತೈದರ ಹರೆಯದಲ್ಲಿ ಮಾಡಿದ ‘ಜಾನ್ ಡೀಲ್ಮನ್’ ಇದೆ. ಮೂರು ಗಂಟೆ ಇಪ್ಪತ್ತು ನಿಮಿಷ, ಒಬ್ಬ ವಿಧವೆಯ ಮೂರು ದಿನ. ಅವಳು ಆಲೂಗಡ್ಡೆ ಸುಲಿಯುತ್ತಾಳೆ ಎಂದರೆ ಸುಲಿದು ಮುಗಿಯುವ ತನಕ ನಾವು ಕೂತು ನೋಡಬೇಕು. ಎರಡನೆಯ ದಿನ ಆಲೂಗಡ್ಡೆ ಹೆಚ್ಚು ಬೆಂದುಹೋಗುತ್ತದೆ, ನೋಡುವವರ ಎದೆ ಧಸಕ್ಕೆನ್ನುತ್ತದೆ. 2022ರ ‘ಸೈಟ್ ಅಂಡ್ ಸೌಂಡ್’ ವಿಮರ್ಶಕರ ಪಟ್ಟಿಯಲ್ಲಿ ಇದು ಮೊದಲನೆಯದು. ಗೌರವದಿಂದ ನೋಡಿದ್ದೇನೆ, ಮತ್ತೆ ನೋಡು ಎಂದರೆ ನಾನು ಓಜುವಿನ ಕಡೆಗೇ ಹೋಗುತ್ತೇನೆ.

ನಮ್ಮ ಗಿರೀಶ ಕಾಸರವಳ್ಳಿಯವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಓದುವಾಗ ಕಂಡು ಮೆಚ್ಚಿದ ನಿರ್ದೇಶಕರಲ್ಲಿ ಓಜು ಮುಖ್ಯ. ಅವರ ಚಿತ್ರಗಳಲ್ಲಿ ಅನುಕರಣೆ ಹುಡುಕಲು ಹೋದರೆ ಸಿಗುವುದಿಲ್ಲ. ಸಣ್ಣದರ ಮೇಲಿನ ನಂಬಿಕೆ ಸಿಗುತ್ತದೆ. ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿಸಾಹೇಬ’ದ ನಂತರ ಅವರಿಗೆ ನಾಲ್ಕನೆಯ ಸ್ವರ್ಣಕಮಲ ತಂದ ‘ದ್ವೀಪ’ವನ್ನೇ ನೋಡಿ. ನಾ. ಡಿಸೋಜ ಅವರ ಕಾದಂಬರಿ, ಮುಳುಗಡೆಯ ಕಥೆ. ಅಣೆಕಟ್ಟು, ಪರಿಹಾರ, ಊರು ಬಿಡುವುದು, ಎಲ್ಲ ದೊಡ್ಡ ದೊಡ್ಡ ಸಂಗತಿಗಳು. ಆದರೆ ಸಿನಿಮಾ ನೆನಪಿನಲ್ಲಿ ಉಳಿಯುವುದು ಬಿಡದೆ ಸುರಿಯುವ ಮಳೆಯಲ್ಲಿ ಸೌಂದರ್ಯ ಮಾಡಿದ ನಾಗಿ ಮನೆ ನಡೆಸುವ ಕ್ರಮದಿಂದ. ಕೊನೆಗೆ ಮಳೆ ನಿಂತು ಜೀವ ಉಳಿದಾಗ ಗಂಡ ಗಣಪ ಅದನ್ನು ದೇವರ ಲೆಕ್ಕಕ್ಕೆ ಬರೆದುಬಿಡುತ್ತಾನೆ. ಹೆಂಡತಿ ದುಡಿದದ್ದು ಅವನ ಕಣ್ಣಿಗೇ ಬಿದ್ದಿಲ್ಲ. ನಾವು ನೋಡಿದ್ದೇವೆ, ಅವನು ನೋಡಿಲ್ಲ. ಸಿನಿಮಾದ ಸಿಟ್ಟೆಲ್ಲ ಅಲ್ಲಿದೆ.

ಇನ್ನೊಂದು, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ರಾಮ್ ರೆಡ್ಡಿಯವರ ‘ತಿಥಿ’. ಈರೇಗೌಡರು ಜೊತೆಗೂಡಿ ಬರೆದದ್ದು, ಮಂಡ್ಯ ಸೀಮೆಯ ನೊದೆಕೊಪ್ಪಲಿನಲ್ಲಿ ಊರಿನವರನ್ನೇ ಹಾಕಿಕೊಂಡು ತೆಗೆದದ್ದು. ನೂರೊಂದು ವರ್ಷದ ಸೆಂಚುರಿ ಗೌಡ ದಾರಿಯಲ್ಲಿ ಹೋಗುವವರಿಗೆಲ್ಲ ಬೈಯುತ್ತ ಕೂತಿರುತ್ತಾನೆ. ಎದ್ದು ಉಚ್ಚೆ ಹೊಯ್ಯಲು ಹೋಗುತ್ತಾನೆ, ಬೀಳುತ್ತಾನೆ, ಮುಗಿಯಿತು. ಸಾವು ಚಿತ್ರದ ಮೊದಲಲ್ಲೇ ಹೀಗೆ ದಾಟಿಹೋಗಿ, ಉಳಿದದ್ದೆಲ್ಲ ಹನ್ನೊಂದು ದಿನಗಳ ಪಡಿಪಾಟಲು: ಜಮೀನು ಮಾರಲು ಓಡಾಡುವ ಮೊಮ್ಮಗ ತಮ್ಮಣ್ಣ, ಕುರಿಯವರ ಹುಡುಗಿಯ ಹಿಂದೆ ಬಿದ್ದ ಮರಿಮಗ, ಯಾವುದೂ ಬೇಡವೆಂದು ಅಲೆಯುವ ಮಗ ಗಡ್ಡಪ್ಪ. ಜನ ಚಿತ್ರಮಂದಿರದಲ್ಲಿ ಬಿದ್ದು ಬಿದ್ದು ನಕ್ಕರು. ಇದು ‘ಅವಾರ್ಡ್ ಸಿನಿಮಾ’ ಎಂದು ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲವೇನೋ!

ಈಗ ಮೊಬೈಲಿನಲ್ಲಿ ಸಿನಿಮಾವನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ನೋಡುವ ರೂಢಿಯಿದೆ. ಓಜುವನ್ನೂ ಹಾಗೆ ನೋಡಬಹುದು, ಕಥೆ ಅರ್ಥವಾಗುತ್ತದೆ. ಜನ ಒಬ್ಬರಿಗೊಬ್ಬರು ತಲೆಬಾಗಿಸುವುದು ಮಾತ್ರ ಕೋಳಿ ಕಾಳು ಕುಕ್ಕಿದ ಹಾಗೆ ಕಾಣುತ್ತದೆ, ಅಷ್ಟೆ.

ಎಲ್ಲಿಂದ ಶುರುಮಾಡಬೇಕು ಎಂದು ಕೇಳುವವರಿಗೆ ನಾನು ‘ಟೋಕಿಯೋ ಸ್ಟೋರಿ’ ಹೇಳುವುದಿಲ್ಲ. 1959ರ ‘ಗುಡ್ ಮಾರ್ನಿಂಗ್’ ಎನ್ನುತ್ತೇನೆ. ಬಣ್ಣದ ಚಿತ್ರ, ಮಕ್ಕಳ ಜೊತೆ ಕೂತು ನೋಡಬಹುದು. ಅಣ್ಣ ತಮ್ಮ ಇಬ್ಬರು ಹುಡುಗರು ಟೀವಿ ಬೇಕೆಂದು ಹಟ ಹಿಡಿಯುತ್ತಾರೆ. ಮಾತು ಜಾಸ್ತಿಯಾಯಿತು, ಬಾಯಿ ಮುಚ್ಚಿ ಎಂದು ಅಪ್ಪ ಗದರುತ್ತಾನೆ. ದೊಡ್ಡವರೇನು ಕಮ್ಮಿ, ನಮಸ್ಕಾರ, ಚೆನ್ನಾಗಿದ್ದೀರಾ, ಹವೆ ಚೆನ್ನಾಗಿದೆ ಎಂದು ಬೇಡದ್ದನ್ನೇ ಮಾತಾಡುತ್ತೀರಿ ಎಂದು ದೊಡ್ಡ ಹುಡುಗ ತಿರುಗಿ ಬೀಳುತ್ತಾನೆ. ಆಮೇಲೆ ಇಬ್ಬರೂ ಮೌನವ್ರತ ಹಿಡಿಯುತ್ತಾರೆ. ಹುಡುಗರು ನಮಸ್ಕಾರ ಹೇಳಲಿಲ್ಲ ಎಂಬಷ್ಟಕ್ಕೆ ಕೇರಿಯ ಹೆಂಗಸರಲ್ಲಿ ಗುಸುಗುಸು ಶುರುವಾಗುತ್ತದೆ. ಅವರಮ್ಮನಿಗೆ ನಮ್ಮ ಮೇಲೆ ಏನೋ ಮುನಿಸಿದೆ, ಅವಳೇ ಹೇಳಿಕೊಟ್ಟಿದ್ದಾಳೆ ಎಂದು. ಬೇಡದ ಮಾತು ನಿಂತರೆ ಏನಾಗುತ್ತದೆ ಎಂದು ಗೊತ್ತಾಗುವುದು ಆಗ.

ಆ ಹುಡುಗರ ಚಿಕ್ಕಮ್ಮನಿಗೂ ಇಂಗ್ಲಿಷ್ ಹೇಳಿಕೊಡುವ ಯುವಕನಿಗೂ ಪರಸ್ಪರ ಇಷ್ಟ. ಕೊನೆಗೆ ರೈಲ್ವೆ ಪ್ಲಾಟ್‌ಫಾರಮ್ಮಿನಲ್ಲಿ ಇಬ್ಬರೂ ಎದುರಾಗುತ್ತಾರೆ. ಹೇಳಬೇಕಾದ್ದು ಒಂದೇ ಮಾತು. ಇಬ್ಬರೂ ಹವೆ ಚೆನ್ನಾಗಿದೆ ಎನ್ನುತ್ತಾರೆ. ಆ ಮೋಡ ನೋಡಿ, ಎಂಥ ಆಕಾರ ಎನ್ನುತ್ತಾರೆ. ಹೌದು, ಹೌದು ಎನ್ನುತ್ತಾರೆ. ರೈಲು ಬರುವವರೆಗೂ ಇದೇ.

ಇದರ ನಡುವೆ ಹುಡುಗರದೇ ಒಂದು ಆಟವಿದೆ. ಹಣೆ ಒತ್ತಿದರೆ ಹೂಸು ಬಿಡಬೇಕು. ಅಭ್ಯಾಸಕ್ಕೆಂದು ಕಾಲುಜ್ಜುವ ಕಲ್ಲಿನ ಪುಡಿ ಬೇರೆ ತಿನ್ನುತ್ತಾರೆ! ಒಬ್ಬ ಹುಡುಗನಿಗೆ ಮಾತ್ರ ಈ ವಿದ್ಯೆ ಒಲಿಯದೆ ಪ್ರತಿ ಸಲವೂ ಅನಾಹುತವಾಗಿ, ಚಡ್ಡಿ ಬದಲಾಯಿಸಲು ಮನೆಗೆ ಓಡುತ್ತಾನೆ. ಜಗತ್ತಿನ ಅತಿ ಗಂಭೀರ ನಿರ್ದೇಶಕರ ಪಟ್ಟಿಯಲ್ಲಿ ಹೆಸರಿರುವ ಓಜು, ಈ ಸಿನಿಮಾವನ್ನು ಮುಗಿಸುವುದು ಅವನಮ್ಮ ಒಗೆದು ಹರವಿದ ಆ ಚಡ್ಡಿಗಳು ಬಿಸಿಲಿನಲ್ಲಿ ಪಟಪಟ ಹಾರಾಡುವುದನ್ನು ತೋರಿಸಿ.